ಗೆರೆ ತುಂಬುವ ಬಳ್ಳಿ

ಬೆಲ್ಲು ಹೊಡೆಯುವ ಮೊದಲು ಅವಳು ಶಾಲೆಯ ಗೇಟಿನೊಳಗೆ ಕಾಲಿಟ್ಟದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹೊಸನಗರದ ನಮ್ಮ ಶಾಲೆಯಲ್ಲಿ ಅವಳು ಡ್ರಾಯಿಂಗ್ ಟೀಚರ್, ನಾನು ಪಿ.ಟಿ. ಟೀಚರ್. ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುವುದು ನನ್ನ ಕೆಲಸ. ಸಾಲು ನೆಟ್ಟಗಾಗಿ, ಸದ್ದಡಗಿ, ನಾನು ಸೀಟಿ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಅವಳು ಬರುತ್ತಿದ್ದಳು. ಛತ್ರಿ, ಟಿಫಿನ್ ಡಬ್ಬಿ, ಸುತ್ತಿದ ಡ್ರಾಯಿಂಗ್ ಹಾಳೆ ಎಲ್ಲವೂ ಒಂದೇ ಕಂಕುಳಲ್ಲಿ. ಸಾಲನ್ನು ಸುತ್ತಿಕೊಂಡು ಬರುವುದು ಬಿಟ್ಟು, "ಸ್ವಲ್ಪ ಜರುಗಿ ಮಕ್ಕಳೇ" ಎನ್ನುತ್ತಾ ಮಧ್ಯದಲ್ಲೇ ತೂರಿ ಹೋಗುವಳು. ಅವಳು ಹೋದ ದಾರಿಯುದ್ದಕ್ಕೂ ನನ್ನ ಸಾಲು ಸೊಟ್ಟಗಾಗುತ್ತಿತ್ತು.

ಅವಳು ಹೋಗಿ ವರ್ಷವಾಗುತ್ತಾ ಬಂತು. ಹಳೆಯ ವಿದ್ಯಾರ್ಥಿಗಳು ನೆನಪಿನ ಸಂಚಿಕೆ ತರುತ್ತಾರಂತೆ, ನೀವು ಬರೆಯಲೇಬೇಕು ಎಂದರು. ಹುಟ್ಟಿದ್ದು, ಓದಿದ್ದು, ವರ್ಗವಾದದ್ದು ಇವನ್ನೆಲ್ಲ ಅವರೇ ಹಾಕಿಕೊಳ್ಳಲಿ. ನನಗೆ ಗೊತ್ತಿರುವಷ್ಟನ್ನು ನಾನು ಬರೆಯುತ್ತೇನೆ. ಅವಳ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಎರಡೇ ಅಕ್ಷರದ ಹೆಸರು. ಸಾದಾ ಅಚ್ಚಿನಲ್ಲಿ ಮೂಲೆಗೆ ಸರಿದು ಕೂತ ಹಾಗೆ ಕಾಣುತ್ತದೆ, ಅವಳಿಗೆ ಹಿಡಿಸುವುದಿಲ್ಲ.

ನಾನು ಹಿನ್ನೀರಿನಾಚೆಯ ಬ್ಯಾಕೋಡಿನ ಕಡೆಯವಳು. ಸೇತುವೆ ಆಗುವ ಮೊದಲು ನಮಗೆಲ್ಲ ಲಾಂಚ್ ಹೊರಡುವ ಹೊತ್ತೇ ಹೊತ್ತು. ತಪ್ಪಿತೋ, ದಡದಲ್ಲಿ ಕೂತು ನೀರು ನೋಡಬೇಕು. ಆಮೇಲೆ ಹಾಸ್ಟೆಲ್ಲು, ಅದಾದ ಮೇಲೆ ತರಬೇತಿ ಕಾಲೇಜು. ಎಲ್ಲ ಕಡೆ ಗಂಟೆ, ಸೀಟಿ, ಹಾಜರಿ. ಅವಳು ತೀರ್ಥಹಳ್ಳಿ ಕಡೆಯ ದೊಡ್ಡ ಕುಟುಂಬದವಳು. ಊಟಕ್ಕೆ ಎಲೆ ಹಾಕಿದ ಮೇಲೂ ಯಾರಾದರೂ ಅವಳನ್ನು ಹುಡುಕಿಕೊಂಡು ಹೋಗಬೇಕಿತ್ತಂತೆ. ನಾವಿಬ್ಬರೂ ಹೊಸನಗರದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಹೊಂದಿಕೆ ಹೇಗಾಯಿತು ಎಂದು ಕೇಳಿದರೆ, ಆಗಲಿಲ್ಲ. ಜಗಳವಾಡುತ್ತಲೇ ಇದ್ದೆವು, ಮನೆ ಬದಲಾಯಿಸುವ ಯೋಚನೆ ಮಾತ್ರ ಇಬ್ಬರಿಗೂ ಬರಲಿಲ್ಲ.

ನಮ್ಮ ಜಗಳದಲ್ಲಿ ಅರ್ಧ ಪಾಲು ವಾಟೆ ಕಡ್ಡಿಯದು. ವಾಟೆ ಎಂದರೆ ನಮ್ಮ ಕಾಡಿನಲ್ಲಿ ಬೆಳೆಯುವ ತೆಳು ಬಿದಿರು. ಅದನ್ನು ತಂದು, ಒಣಗಿಸಿ, ತುದಿಯನ್ನು ಓರೆಯಾಗಿ ಕೆತ್ತಿ ಲೇಖನಿ ಮಾಡಿಕೊಳ್ಳುತ್ತಿದ್ದಳು. ಒಣಗಿಸುವ ಜಾಗ ಒಲೆಯ ಮೇಲಿನ ಅಟ್ಟಣಿಗೆ. ನಾನು ಸಾಸಿವೆ ಡಬ್ಬಕ್ಕೆ ಕೈ ಹಾಕಿದರೆ ಕಡ್ಡಿಯ ಕಟ್ಟು ತಲೆಯ ಮೇಲೆ ಬೀಳುತ್ತಿತ್ತು.

"ಇದು ಅಡುಗೆಮನೆಯಾ, ಬುಟ್ಟಿ ಹೆಣೆಯೋರ ಮನೆಯಾ?"

"ಸೀಟಿ ಟೀಚರೇ, ಹಸಿ ಕಡ್ಡೀಲಿ ಬರೆದ್ರೆ ಅಕ್ಷರ ಹಿಗ್ತದೆ. ಸಾಸಿವೆ ಬೇರೆ ಕಡೆ ಇಟ್ಕೊ."

ಆ ಕಡ್ಡಿಯಲ್ಲಿ ಅವಳು ಬರೆದ ಅಕ್ಷರವನ್ನು ನೋಡಿದವರಿಗೆ ನಾನು ಹೇಳುವುದು ಬೇಕಿಲ್ಲ. ನೋಡದವರಿಗಾಗಿ ಬರೆಯುತ್ತೇನೆ. ತಲಕಟ್ಟು ಕೂದಲೆಳೆಯ ಹಾಗೆ ಶುರುವಾಗಿ, ಬಲಕ್ಕೆ ಹೋಗುತ್ತಾ ದಪ್ಪವಾಗಿ, ತುದಿಯಲ್ಲಿ ಮತ್ತೆ ಎಳೆಯಾಗುತ್ತಿತ್ತು. ಕೊಂಬು ಕೆಳಗಿಳಿದು ಸುತ್ತಿ ಮೇಲೇಳುವಾಗ ನಿಲ್ಲುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಒತ್ತಕ್ಷರಗಳು ಕೆಳಗೆ ಜೋತು ಬೀಳದೆ ಮಡಿಲಲ್ಲಿ ಕೂತ ಹಾಗೆ ಕೂರುತ್ತಿದ್ದವು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಯಾರೇ ನಿವೃತ್ತರಾದರೂ ಬಿನ್ನವತ್ತಳೆ ಬರೆಯಲು ಅವಳ ಹತ್ತಿರವೇ ಬರುತ್ತಿದ್ದರು. ಗಾಜಿನ ಚೌಕಟ್ಟು ಹಾಕಿಸಿ, ಸಭೆಯಲ್ಲಿ ಓದಿ, ಕೈಗೆ ಕೊಡುವ ಅಭಿನಂದನೆಯ ಹಾಳೆ ಅದು. ಹೊಗಳಿಕೆಯ ಮಾತುಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುತ್ತಿದ್ದವು. ಜನ ಗೋಡೆಗೆ ತೂಗುಹಾಕಿಕೊಂಡದ್ದು ಅವಳ ಅಕ್ಷರವನ್ನು.

ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಸಂಕೋಚದ ಹೆಂಗಸಲ್ಲ ಅವಳು. ಒಮ್ಮೆ ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಹೋಟೆಲಿಗೆ ಹೋದೆವು. ಮಾಲೀಕರ ಕುರ್ಚಿಯ ಹಿಂದೆ ಅವರ ತಂದೆಗೆ ಕೊಟ್ಟ ಬಿನ್ನವತ್ತಳೆ ಇತ್ತು. ಅದಕ್ಕೊಂದು ಸೇವಂತಿಗೆ ಹಾರ. ಇವಳು ಕೂರಲೇ ಇಲ್ಲ.

"ಅದು ಯಾರು ಬರೆದದ್ದು ಗೊತ್ತಾ ನಿಮಗೆ?"

"ಯಾರೋ ಟೀಚರಂತೆ ಅಮ್ಮಾ. ತಿಂಡಿ ಏನು ಕೊಡ್ಲಿ?"

"ಯಾರೋ ಅಲ್ಲ, ನಾನೇ. ಮೊದ್ಲು ಆ ಹಾರ ಆಚೆ ಸರಿಸಿ. ಎರಡನೇ ಸಾಲಿನ 'ಶ್ರೀ' ಕಾಣ್ತಿಲ್ಲ."

ಮಾಲೀಕರು ಸ್ಟೂಲು ಹತ್ತಿ ಹಾರ ಸರಿಸಿದರು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಇವಳು ಕೆಳಗಿನಿಂದ ಹೇಳುತ್ತಾ ನಿಂತಳು. ಅಷ್ಟರಲ್ಲಿ ನಮ್ಮ ಬಸ್ಸು ಹೋಯಿತು. ಮುಂದಿನ ಬಸ್ಸು ಬರುವವರೆಗೂ ನಾನು ಹೊರಗೆ ರಸ್ತೆಬದಿಯಲ್ಲೇ ನಿಂತಿದ್ದೆ. ಅವಳು ಆ ಚೌಕಟ್ಟಿನ ಕೆಳಗೇ ಕೂತು ಎರಡು ಸಲ ಕಾಫಿ ಕುಡಿದಳು.

ಕ್ರೀಡಾಕೂಟದ ದಿನ ಅವಳಿಂದ ನಾನು ಅನುಭವಿಸಿದ್ದನ್ನು ಹೇಳಲೇಬೇಕು. ಪ್ರಮಾಣಪತ್ರದ ಹಾಳೆ ಅಚ್ಚಾಗಿ ಬರುತ್ತಿತ್ತು, ಹೆಸರು ಮಾತ್ರ ಅವಳು ಬರೆಯಬೇಕು. ಓಟ ಮುಗಿದ ಕೂಡಲೇ ನಾನು ಗೆದ್ದವರ ಹೆಸರು ಕಳಿಸುತ್ತಿದ್ದೆ. ಒಂದು ವರ್ಷ ಅತಿಥಿಗಳು ವೇದಿಕೆಯ ಮೇಲೆ ಕೂತಾಗಿದೆ, ಸ್ವಾಗತ ಭಾಷಣವೂ ಮುಗಿದಿದೆ, ಪ್ರಮಾಣಪತ್ರ ಮಾತ್ರ ಬಂದಿಲ್ಲ. ಹೋಗಿ ನೋಡಿದರೆ ಸ್ಟಾಫ್ ರೂಮಿನ ಬೆಂಚಿನ ಮೇಲೆಲ್ಲ ಹಪ್ಪಳ ಹರವಿದ ಹಾಗೆ ಹಾಳೆ ಹರವಿ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾಳೆ.

"ಶಾಯಿ ಒಣಗ್ಬೇಕು."

"ಅಲ್ಲಿ ಗೆಸ್ಟ್ ಒಣಗ್ತಿದ್ದಾರೆ ಮಾರಾಯ್ತಿ!"

"ಅವ್ರಿಗೊಂದು ಲೋಟ ಮಜ್ಜಿಗೆ ಕೊಡು."

ಆ ದಿನ ಮಕ್ಕಳು ಹಸಿ ಪ್ರಮಾಣಪತ್ರದ ಅಂಚನ್ನಷ್ಟೇ ಬೆರಳ ತುದಿಯಲ್ಲಿ ಹಿಡಿದು, ಕೈ ಮುಂದೆ ಚಾಚಿಕೊಂಡು, ಉಸಿರು ಬಿಗಿಹಿಡಿದು ವೇದಿಕೆ ಇಳಿದರು. ನನ್ನ ಸೇವೆಯಲ್ಲಿ ಅಷ್ಟು ಶಿಸ್ತಿನ ಸಾಲನ್ನು ನಾನು ಕಂಡಿರಲಿಲ್ಲ.

ತಡವಾಗುತ್ತಿದ್ದುದಕ್ಕೆ ಶಾಯಿಯೊಂದೇ ಕಾರಣವಲ್ಲ. ಪ್ರಮಾಣಪತ್ರದಲ್ಲಿ ಹೆಸರು ಬರೆಯಲು ಒಂದು ಗೆರೆ ಇರುತ್ತದಲ್ಲ, ಆ ಗೆರೆಯ ಕೊನೆಯವರೆಗೂ ಹೆಸರು ತುಂಬಬೇಕು ಎನ್ನುವುದು ಅವಳ ಹಟ. ವಿಜಯಲಕ್ಷ್ಮಿ, ಅನ್ನಪೂರ್ಣೇಶ್ವರಿ ಇಂಥವರ ಯೋಚನೆ ಇಲ್ಲ, ಅವರದು ತಾನಾಗಿ ತುಂಬುತ್ತದೆ. ಉಮಾ ಬಂದರೆ, ಗೀತಾ ಬಂದರೆ, ಕೊನೆಯ ಅಕ್ಷರದಿಂದ ಒಂದು ಎಳೆ ಹೊರಟು ಏರಿ, ಇಳಿದು, ಒಂದು ಸುತ್ತು ಸುತ್ತಿ ಗೆರೆಯ ತುದಿಯನ್ನು ಮುಟ್ಟುತ್ತಿತ್ತು. ಅದನ್ನು ನಾನು ಬಾಲ ಎನ್ನುತ್ತಿದ್ದೆ.

"ಬಾಲ ಮಂಗನಿಗೆ. ಇದು ಬಳ್ಳಿ ಕಣೇ."

ಇದ್ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದೆ. ಅವಳು ಹೈಸ್ಕೂಲಿನಲ್ಲಿದ್ದಾಗ ಚಿತ್ರ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದಿತ್ತಂತೆ. ಪ್ರಮಾಣಪತ್ರ ಬರೆದ ಗುಮಾಸ್ತರು ಗೆರೆಯ ಮೂಲೆಯಲ್ಲಿ ಅವಳ ಎರಡಕ್ಷರ ಬರೆದು, ಉಳಿದ ಜಾಗದಲ್ಲಿ ಯಾರೂ ಏನೂ ಸೇರಿಸಬಾರದೆಂದು ಕಚೇರಿಯ ಪದ್ಧತಿಯಂತೆ ಉದ್ದಕ್ಕೆ ಅಡ್ಡಗೀಟು ಎಳೆದಿದ್ದರು. "ಮನೇಲಿ ಎಲ್ರೂ ನೋಡಿ, ಯಾಕೆ ಕಾಟು ಹೊಡೆದಿದ್ದಾರೆ, ಬಹುಮಾನ ವಾಪಸ್ ತಗೊಂಡ್ರಾ ಅಂತ ಕೇಳಿದ್ರು. ಅಷ್ಟು ಮಾಡ್ದೆ ಖಾಲಿ ಬಿಟ್ರೂ ಚಂದ ಇಲ್ಲ. ಇನ್ನೂ ಯಾರೋ ಬರ್ಬೇಕು, ಇವಳೊಬ್ಬಳೇ ಸಾಲ್ದು ಅನ್ನೋ ಹಾಗೆ ಕಾಣ್ತದೆ." ಇಷ್ಟು ಹೇಳಿ ಮತ್ತೆ ಕಡ್ಡಿ ಕೆತ್ತಲು ಕೂತಳು. ಸಿಪ್ಪೆಯೆಲ್ಲ ನಾನು ಆಗಷ್ಟೇ ಗುಡಿಸಿದ ನೆಲದ ಮೇಲೆ ಬೀಳುತ್ತಿತ್ತು.

ನಿವೃತ್ತಿಯಾದ ಮೇಲೆ ನಾನು ಸಾಗರದಲ್ಲಿ ಮನೆ ಮಾಡಿದೆ. ತಂಗಿ ಹತ್ತಿರವಿದ್ದಾಳೆ ಎಂಬ ನೆಪದಲ್ಲಿ ಅವಳೂ ಬಂದು ನಮ್ಮ ಪಕ್ಕದ ಬೀದಿಯಲ್ಲೇ ನೆಲೆಸಿದಳು. ಅಷ್ಟರಲ್ಲಿ ಅವಳ ಬಲಗೈ ಹೆಬ್ಬೆರಳು ಕೈಕೊಟ್ಟಿತ್ತು. ಗಂಟು ಊದಿ, ಕಡ್ಡಿ ಹಿಡಿದರೆ ನೋವು. ಬಿನ್ನವತ್ತಳೆಗೆ ಬಂದವರನ್ನು ವಾಪಸು ಕಳಿಸತೊಡಗಿದಳು. ಅದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. "ಈಗ ಎಲ್ಲ ಕಂಪ್ಯೂಟರಲ್ಲೇ ಮಾಡ್ತಾರಲ್ಲ, ಹೋಗಿ" ಎಂದು ರೇಗುತ್ತಿದ್ದಳು.

ಆಗ ಬಂದವಳು ನಯನಾ. ಇಬ್ಬರಿಗೂ ಶಿಷ್ಯೆ, ಈಗ ಸಾಗರದಲ್ಲಿ ಆಮಂತ್ರಣ ಪತ್ರಿಕೆಗಳ ವಿನ್ಯಾಸ ಮಾಡುವ ಅಂಗಡಿ ಇಟ್ಟಿದ್ದಾಳೆ, ಕಂಪ್ಯೂಟರಿಗೆ ಫಾಂಟ್ ಮಾಡುವುದನ್ನೂ ಕಲಿತಿದ್ದಾಳೆ. "ಟೀಚರ್, ನಿಮ್ಮ ಹಳೇ ಬಿನ್ನವತ್ತಳೆಗಳಿಂದ ಒಂದೊಂದೇ ಅಕ್ಷರ ತೆಗೆದು ಫಾಂಟ್ ಮಾಡ್ತೀನಿ. ಯಾರು ಟೈಪ್ ಮಾಡಿದ್ರೂ ನಿಮ್ಮ ಅಕ್ಷರದಲ್ಲೇ ಬರ್ತದೆ" ಎಂದಳು. ಮೂರು ತಾಲ್ಲೂಕಿನ ಶಾಲೆಗಳಿಗೆ ಸ್ಪರ್ಧೆ ನಡೆಸುವ ಒಂದು ಸಮಿತಿಯಿತ್ತು. ಇನ್ನು ಮುಂದೆ ಎಲ್ಲ ಪ್ರಮಾಣಪತ್ರಗಳಿಗೂ ಅದನ್ನೇ ಬಳಸುತ್ತೇವೆ, ಆದರೆ ಬೇಗ ಕೊಡಿ ಎಂದು ಅವರೂ ಒಪ್ಪಿದ್ದರು.

ಅವಳ ಮುಖ ಆ ದಿನ ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ನಯನಾ ಹೋದ ಮೇಲೆ ಊದಿದ ಹೆಬ್ಬೆರಳನ್ನು ನೋಡಿಕೊಂಡು, "ನೀನಿನ್ನು ಮಲಕ್ಕೊ" ಎಂದಳು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಕನ್ನಡದ ಒಂದು ಅಕ್ಷರಕ್ಕೆ ಎಷ್ಟು ಗುಣಿತ, ಎಷ್ಟು ಒತ್ತು ಎಂದು ಯೋಚಿಸಿದರೆ ಯಾರಿಗಾದರೂ ತಿಳಿಯುತ್ತದೆ. ಸಮಿತಿಯ ತೀರ್ಮಾನಕ್ಕೆ ಇನ್ನು ಕೆಲವೇ ದಿನವಿದೆ ಎನ್ನುವಾಗ ನಯನಾ ಮಾದರಿ ಪ್ರಮಾಣಪತ್ರ ತಂದಳು. ಉಮಾ ಎಂದು ಹೆಸರು ಹಾಕಿದ್ದಳು. ಅಕ್ಷರ ಥೇಟ್ ಇವಳದೇ. ನಾನು ಭೇಷ್ ಎಂದೆ. ಅವಳು ಹಾಳೆಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಉಳಿದದ್ದು ಎಲ್ಲಿ?"

"ಉಳಿದದ್ದು ಅಂದ್ರೆ ಟೀಚರ್?"

"ಬಳ್ಳಿ. ಹುಡುಗಿ ಮೂಲೇಲಿ ನಿಂತಿದ್ದಾಳೆ ನೋಡು, ಶಿಕ್ಷೆ ಕೊಟ್ಟ ಹಾಗೆ."

ನಯನಾ ವಿವರಿಸಿದಳು. ಫಾಂಟಿನಲ್ಲಿ ಅಕ್ಷರದ ಪಕ್ಕ ಅಕ್ಷರ ಬಂದು ಕೂರುತ್ತದೆ, ಗೆರೆ ಎಷ್ಟು ಉಳಿದಿದೆ ಎಂದು ನೋಡುವವರು ಯಾರೂ ಇರುವುದಿಲ್ಲ. ನೋಡುವ ಹಾಗೆ ಮಾಡಬಹುದು. ಆದರೆ ಒಂದೊಂದು ಬಗೆಯ ಕೊನೆಗೂ ಚಿಕ್ಕದು, ದೊಡ್ಡದು ಎಂದು ಹಲವು ಅಳತೆಯ ಬಳ್ಳಿ ಬೇಕು. ದೀರ್ಘದಲ್ಲಿ ಮುಗಿಯುವ ಹೆಸರಿಗೆ ಬೇರೆ, ಗುಡಿಸಿನಲ್ಲಿ ಮುಗಿಯುವುದಕ್ಕೆ ಬೇರೆ, ಕೊಂಬಿನಲ್ಲಿ ಮುಗಿಯುವುದಕ್ಕೆ ಬೇರೆ. ಹಳೆಯ ಬಿನ್ನವತ್ತಳೆಗಳಲ್ಲಿ ಅವು ಸಿಗುವುದಿಲ್ಲ, ಪ್ರಮಾಣಪತ್ರಗಳು ಮಕ್ಕಳ ಜೊತೆ ಎಲ್ಲೆಲ್ಲೋ ಹೋಗಿವೆ. "ಹೊಸದಾಗಿ ನೀವೇ ಬರೀಬೇಕು ಟೀಚರ್" ಎಂದು ಹೆಬ್ಬೆರಳ ಕಡೆ ನೋಡದೆ ಹೇಳಿದಳು.

ನಯನಾ ಹೋದ ಮೇಲೆ ನಮ್ಮಿಬ್ಬರಿಗೂ ಜೋರು ಜಗಳವಾಯಿತು.

"ಒಪ್ಕೊ ಮಾರಾಯ್ತಿ. ಮುಂದಿನ ವಾರ ಸಮಿತಿಯವ್ರು ಕೂರ್ತಾರೆ. ಹೇಳಿದ ದಿನಕ್ಕೆ ಕೊಡದಿದ್ರೆ ಬೇರೆ ಯಾವ್ದೋ ಹಾಕ್ಕೋತಾರೆ. ಅಕ್ಷರ ನಿಂದೇ ಅಲ್ವಾ?"

"ಅಕ್ಷರ ನಂದು. ಆ ಖಾಲಿ ಜಾಗ ಯಾರದ್ದು?"

"ಯಾರದ್ದೂ ಅಲ್ಲ, ಅದಕ್ಕೇ ಖಾಲಿ ಇದೆ!"

"ನೂರು ಮೀಟರ್ ಓಡಿಸ್ತಿದ್ಯಲ್ಲ ನೀನು. ಮೊದ್ಲ ಮೂರು ಜನ ಬಂದ ಕೂಡ್ಲೆ ಹಗ್ಗ ಸುತ್ತಿಟ್ಟು ಮನೆಗೆ ಹೋಗ್ತಿದ್ಯಾ?"

ನಾನು ಹೋಗುತ್ತಿರಲಿಲ್ಲ. ಕೊನೆಯ ಹುಡುಗಿ ಏದುಸಿರು ಬಿಡುತ್ತಾ, ಅರ್ಧ ನಡೆಯುತ್ತಾ ಬಂದರೂ ಅವಳು ಗೆರೆ ದಾಟುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಅದು ನನ್ನ ನಿಯಮ, ನನ್ನ ಮಟ್ಟಿಗೆ ದೊಡ್ಡ ವಿಷಯವೂ ಅಲ್ಲ. ಅದನ್ನು ಅವಳು ಡ್ರಾಯಿಂಗ್ ರೂಮಿನ ಕಿಟಕಿಯಿಂದ ನೋಡಿಕೊಂಡು ಕೂತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಚಹಾ ಇಟ್ಟೆ. ಚಹಾ ಕುದಿಯುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು.

"ನಾಳೆ ಬೆಳಿಗ್ಗೆ ಆರಕ್ಕೆ ನಮ್ಮನೆ ಅಂಗಳಕ್ಕೆ ಬಾ. ಹೆಬ್ಬೆರಳಿಗೆ ರಜ. ಭುಜದಿಂದ ಬರೆಸ್ತೀನಿ."

ಏಳಕ್ಕೆ ಬಂದಳು. ಹೊಟ್ಟೆಯ ಎತ್ತರದ ಮೇಜಿನ ಮೇಲೆ ಹಳೆಯ ಭೂಪಟಗಳನ್ನು ಬೆನ್ನು ಮೇಲೆ ಮಾಡಿ ಹಾಸಿದ್ದೆ. ಅಗಲ ತುದಿಯ ವಾಟೆಯನ್ನು ಅವಳ ಅಂಗೈಗೆ ಬಟ್ಟೆಯಿಂದ ಸುತ್ತಿ ಕಟ್ಟಿದೆ, ಬೆರಳಿಗೆ ಭಾರ ಬೀಳದ ಹಾಗೆ. ಮೊಣಕೈ ಮಡಿಸದೆ ಇಡೀ ತೋಳನ್ನು ಬೀಸಬೇಕು. ನಾನು ಎಣಿಕೆ ಹೇಳಿದೆ. ಒಂದಕ್ಕೆ ಏರು, ಎರಡಕ್ಕೆ ಇಳಿ, ಮೂರಕ್ಕೆ ಸುತ್ತು, ನಾಲ್ಕಕ್ಕೆ ಬಿಡು. ಮೊದಮೊದಲು ಬಳ್ಳಿ ಕಾಗದ ಬಿಟ್ಟು ಮೇಜಿನ ಮೇಲೆ, ನನ್ನ ಸೀರೆಯ ಮೇಲೆಲ್ಲ ಹಬ್ಬಿತು.

"ನಿಧಾನ ಹೇಳೇ, ಇದೇನು ಮಾರ್ಚ್‌ಪಾಸ್ಟಾ?"

"ನೀನು ಬೇಗ ಬೀಸು. ತಡೆದ್ರೆ ಕೈ ನಡುಗ್ತದೆ."

ನಾನು ಬರೀ ಎಣಿಸಿದರೆ ಅವಳಿಗೆ ಲಯ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಾನೂ ಖಾಲಿ ಕೈ ಬೀಸಬೇಕಿತ್ತು. ಹಾಲಿನವನು ಗೇಟಿನಲ್ಲೇ ನಿಂತುಬಿಟ್ಟ. ಇಬ್ಬರು ಮುದುಕಿಯರು ಒಟ್ಟಿಗೆ ತೋಳು ಬೀಸಿ ಗಾಳಿಯಲ್ಲಿ ಏನನ್ನೋ ಸುತ್ತುತ್ತಿರುವುದನ್ನು ಅವನು ಬೀದಿಗೆಲ್ಲ ಹೇಳಿದ. ನಮಗೆ ಅದನ್ನು ವಿಚಾರಿಸಲು ಪುರುಸೊತ್ತಿರಲಿಲ್ಲ, ಬಳ್ಳಿ ಬರತೊಡಗಿತ್ತು. ಅವಳು ಮೊದಲು ಬೆರಳಿನಲ್ಲಿ ಬರೆಯುತ್ತಿದ್ದುದಕ್ಕಿಂತ ದೊಡ್ಡದು, ಸಲೀಸು, ನೀರಿನಲ್ಲಿ ಹಾವು ಹೋದ ಹಾಗೆ. ದೊಡ್ಡದಾಗಿ ಬರೆದದ್ದನ್ನು ಚಿಕ್ಕದು ಮಾಡುವುದು ಕಂಪ್ಯೂಟರಿಗೆ ಕಷ್ಟವಲ್ಲ ಎಂದಳು ನಯನಾ.

ಆದರೂ ದಿನ ಸಾಲಲಿಲ್ಲ. ಸಮಿತಿಯವರು ಕೂತರು, ಕಾಯಲು ಆಗುವುದಿಲ್ಲವೆಂದು ಸಿದ್ಧವಾಗಿದ್ದ ಬೇರೊಂದು ಫಾಂಟನ್ನು ಆರಿಸಿದರು. ಅವರ ತಪ್ಪೆಂದು ನಾನು ಹೇಳುವುದಿಲ್ಲ, ಹೇಳಿದ ದಿನ ಹೇಳಿದ ದಿನವೇ. ನಯನಾ ಅಳುಮುಖ ಮಾಡಿಕೊಂಡು ಆ ಹೊಸ ಪ್ರಮಾಣಪತ್ರದ ಪ್ರತಿಯೊಂದನ್ನು ತಂದು ತೋರಿಸಿದಳು. ನನ್ನ ಗೆಳತಿ ಅದನ್ನು ತುಂಬಾ ಹೊತ್ತು ನೋಡಿದಳು.

"ಚೆನ್ನಾಗೇ ಇದೆ. ತಲಕಟ್ಟು ಮಾತ್ರ ಪೊಲೀಸ್ ಟೋಪಿ ಇಟ್ಟ ಹಾಗಿದೆ."

ನಗಿಸಲು ಹೇಳಿದಳು, ನಾವು ನಗಲಿಲ್ಲ. ಒಂದೆರಡು ದಿನ ಅಂಗಳಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಮತ್ತೊಂದು ಬೆಳಿಗ್ಗೆ, ಮಾಮೂಲಿನಂತೆ ತಡವಾಗಿ, ಆ ಪ್ರಮಾಣಪತ್ರವನ್ನೇ ಕೈಯಲ್ಲಿ ಹಿಡಿದುಕೊಂಡು ಬಂದಳು. ಅದರ ಖಾಲಿ ಬೆನ್ನನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟಳು.

"ಎಲ್ಲಿಗೆ ನಿಲ್ಸಿದ್ವಿ?"

"ಇನ್ನು ಯಾರಿಗೋಸ್ಕರ ಬರೆಯೋದು?"

"ಬರೆದಿಟ್ರೆ ಯಾರಿಗಾದ್ರೂ ಬೇಕಾಗ್ತದೆ. ಕಟ್ಟು ಕೈಗೆ."

ಮತ್ತೆ ಬರೆದೆವು. ಯಾರೂ ಕಾಯುತ್ತಿರಲಿಲ್ಲವಾದ್ದರಿಂದ ಅವಳು ತನಗೆ ಬೇಕಾದಷ್ಟು ದಿನ ತೆಗೆದುಕೊಂಡಳು. ದೀರ್ಘದ ಬಳ್ಳಿಗಳು ಮುಗಿದವು, ಗುಡಿಸಿನವು ಮುಗಿದವು, ಕೊಂಬಿನವು ಮುಗಿದವು. ಉಳಿದದ್ದು ಈಗಿನ ಹುಡುಗರ ಹೆಸರು. ಯಶ್, ಕಿರಣ್, ರೋಹಿತ್ ಹೀಗೆ ಅರ್ಧಾಕ್ಷರದಲ್ಲಿ ನಿಲ್ಲುವವು. ಆ ಕೊನೆಯ ಗುರುತು ಮೇಲಕ್ಕೆ ಚಿಮ್ಮುತ್ತದಲ್ಲ, ಅಲ್ಲಿಂದ ಬಳ್ಳಿಯನ್ನು ಎತ್ತ ಒಯ್ಯುವುದೆಂದು ಅವಳಿಗೆ ತೀರ್ಮಾನವಾಗಲಿಲ್ಲ. "ಬಾಗಿಲಲ್ಲೇ ನಿಂತ ಹೆಸರುಗಳು ಇವು. ಒಳಗೂ ಬರಲ್ಲ, ಹೊರಗೂ ಹೋಗಲ್ಲ. ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕಿದಳು. ಆ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು. ವಾಪಸು ಬರಲಿಲ್ಲ.

ನಯನಾ ಫಾಂಟನ್ನು ಯಾರು ಬೇಕಾದರೂ ಬಳಸಲಿ ಎಂದು ಹೊರಗೆ ಬಿಡುವುದಾಗಿ ಹೇಳಿದಳು. ರಿಪ್ಪನ್‌ಪೇಟೆಯ ಒಂದು ಸಣ್ಣ ಶಾಲೆಯವರು ತಮ್ಮ ವಾರ್ಷಿಕೋತ್ಸವಕ್ಕೆ ಅದೇ ಬೇಕು ಎಂದು ಕೇಳಿಯೂ ಇದ್ದರು. ಹೆಸರುಗಳನ್ನು ಟೈಪ್ ಮಾಡಿ ನೋಡಿದಾಗ ಹುಡುಗಿಯರಿಗೆಲ್ಲ ಗೆರೆ ತುಂಬಿತ್ತು. ಅರ್ಧಾಕ್ಷರದ ಹುಡುಗರು ಮೂಲೆಯಲ್ಲೇ ಉಳಿದಿದ್ದರು. ಬೇರೆ ಬಳ್ಳಿ ಕತ್ತರಿಸಿ ಅಂಟಿಸಿ ನೋಡಿದ್ದಳು, ತೇಪೆ ಹಾಕಿದ ಹಾಗೆ ಕಾಣುತ್ತಿತ್ತು.

"ನೀವೇ ಬರೆದುಕೊಡಿ ಟೀಚರ್."

"ನನ್ನ ಅಕ್ಷರ ನೋಡಿದ್ದೀಯಲ್ಲ ನೀನು. ಕೋಳಿ ಕೆದಕಿದ ಹಾಗಿರ್ತದೆ."

"ಅಕ್ಷರ ಅವರದ್ದಿದೆ. ಬಳ್ಳಿ ಒಂದು ಸಾಕು. ಅವರ ಜೊತೆ ಕೈ ಬೀಸಿದವರು ನೀವೊಬ್ರೇ."

ಮೇಜು ಹಾಕಿದೆ, ಭೂಪಟ ಹಾಸಿದೆ, ಎಡಗೈಯಿಂದ ಬಲ ಅಂಗೈಗೆ ವಾಟೆ ಕಟ್ಟಿಕೊಂಡೆ. ಎಣಿಕೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಎಷ್ಟು ಹಾಳೆ ಹಾಳು ಮಾಡಿದೆನೋ. ನಯನಾ ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಹೋದಳು. ಆ ಶಾಲೆಯ ಹುಡುಗರಿಗೂ ಗೆರೆ ತುಂಬಿತು. ಅಲ್ಲಿಂದೀಚೆಗೆ ತೀರ್ಥಹಳ್ಳಿಯ ಕಡೆಯ ಕೆಲವು ಶಾಲೆಗಳೂ ಅದನ್ನೇ ಬಳಸುತ್ತಿವೆ.

ಅವಳ ಬಳ್ಳಿಗಳ ನಡುವೆ ನನ್ನದು ಯಾವುದೆಂದು ನನಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಸುತ್ತಿನಲ್ಲಿ ಬಳುಕುವುದಿಲ್ಲ, ಸಾವಧಾನ್ ಎಂದಾಗ ನಿಂತ ಹಾಗೆ ಸೆಟೆದಿದೆ. ಅವಳಾಗಿದ್ದರೆ ಒಪ್ಪುತ್ತಿರಲಿಲ್ಲ. ಚೆನ್ನಾಗಿ ಬಂದರೆ ಯಾವಾಗ ಬೇಕಾದರೂ ಬದಲಾಯಿಸಬಹುದು ಎಂದು ನಯನಾ ಹೇಳಿದ್ದಾಳೆ. ಹಾಗಾಗಿ ಬೆಳಗಿನ ವ್ಯಾಯಾಮ ಮುಗಿದ ಮೇಲೆ, ತಿಂಡಿಗೆ ಮೊದಲು, ದಿನಕ್ಕೊಂದು ಹಾಳೆ ಬರೆಯುತ್ತೇನೆ. ನಿನ್ನೆಯದು ಪರವಾಗಿಲ್ಲ.